ಕಂಟೇನರ್ ಒಳಗೆ ಸುರಿದ ಮಳೆ: ಕಾಳು ರಫ್ತಿನಲ್ಲಿ ನನ್ನ ಅನುಭವ

ನಾನು ಮೊದಲ ಸಲ ಒಣ ಕಾಳು ರಫ್ತು ಮಾಡಿದ್ದು 20 ಅಡಿಯ ಒಂದೇ ಒಂದು ಕಂಟೇನರ್‌ನಲ್ಲಿ. ಹೋದದ್ದು ಈಗೀಗ ಬೆಳೆಯುತ್ತಿರುವ ಮಾರುಕಟ್ಟೆಗೆ. ಅಲ್ಲಿ ಬೇಡಿಕೆ ಬೇಗ ಏರಿತ್ತು, ಬಂದರು, ಗೋದಾಮುಗಳು ಅಷ್ಟು ಬೇಗ ಬೆಳೆದಿರಲಿಲ್ಲ. ಹಡಗು ಸರಿಯಾದ ದಿನಕ್ಕೆ ಮುಟ್ಟಿತು. ಆದರೆ ಕಂಟೇನರ್ ಬಂದರಿನ ಯಾರ್ಡ್‌ನಲ್ಲಿ 18 ದಿನ ನಿಂತಿತು. ಕೊನೆಗೆ ಕೊಳ್ಳುವವರು ಬಾಗಿಲು ತೆಗೆದು ಫೋಟೊ ಕಳಿಸಿದರು.

ಮೇಲಿನ ಎರಡು ಸಾಲಿನ ಚೀಲಗಳ ತುಂಬ ಕಪ್ಪು ಕಲೆ. ಒಂದು ಚೀಲ ಬಿಚ್ಚಿದ್ದರು. ಕಾಳು ಮುಷ್ಟಿ ಗಾತ್ರದ ಉಂಡೆ ಕಟ್ಟಿಕೊಂಡಿತ್ತು, ಅದರ ಮೇಲೆ ಹಸಿರು ಬೂಷ್ಟು. ಕೆಳಗಿನ ಚೀಲಗಳಿಗೆ ಮಾತ್ರ ಏನೂ ಆಗಿರಲಿಲ್ಲ.

ಎಲ್ಲೋ ತೂತಿದೆ, ಸಮುದ್ರದ ನೀರು ನುಗ್ಗಿದೆ ಎಂದುಕೊಂಡೆ. ತೂತು ಇರಲಿಲ್ಲ. ಮಳೆ ಒಳಗೇ ಆಗಿತ್ತು. ಹಗಲು ಬಿಸಿಲಿಗೆ ಕಾಳಿನ ತೇವ ಆವಿಯಾಗಿ ಮೇಲೇಳುತ್ತದೆ. ರಾತ್ರಿ ತಗಡು ತಣ್ಣಗಾದಾಗ ಅದೇ ಆವಿ ಚಾವಣಿಗೆ ಹನಿಗಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ನನ್ನ ಕಾಳಿನಲ್ಲಿ ತೇವ ಶೇ. 14 ಇತ್ತು. ಲೆಕ್ಕ ಹಾಕಿ ನೋಡಿ: 25 ಟನ್‌ನಲ್ಲಿ 3,500 ಲೀಟರ್ ನೀರು! ಅದರಲ್ಲಿ ಸ್ವಲ್ಪ ಹೊರಬಂದರೂ ಸಾಕಲ್ವಾ? ಸಾಗಿಸುವ ದಿನಗಳು, ತಲುಪುವ ಕಡೆಯ ಹವೆ, ಅಲ್ಲಿ ಇಡುವ ಕಾಲ ನೋಡಿಕೊಂಡು ತೇವ ಇನ್ನೂ ಕಡಿಮೆ ಇರಬೇಕು ಎಂದು ಕಾಳುಗಳ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ನಿಯಮಗಳ) ಮಾನದಂಡವೇ ಹೇಳುತ್ತದೆ. ನಾನು ಅದನ್ನು ಓದಿದ್ದು ಫೋಟೊ ಬಂದ ಮೇಲೆ.

ವಿಮೆ ಇತ್ತು. ಮಾರಿದ್ದು ಸಿಐಎಫ್ ಲೆಕ್ಕದಲ್ಲಿ, ಅಂದರೆ ಸರಕು, ವಿಮೆ, ಹಡಗಿನ ಬಾಡಿಗೆ ಮೂರೂ ಸೇರಿದ ಬೆಲೆಗೆ. ವಿಮೆ ಮಾಡಿಸುವುದು ನನ್ನ ಕೆಲಸ. ಆದರೆ ಸಿಐಎಫ್‌ನಲ್ಲಿ ಮಾರುವವರು ಕೊಡಲೇಬೇಕಾದದ್ದು ಕನಿಷ್ಠ ರಕ್ಷಣೆ, ಅಂದರೆ 'ಸಿ' ಕ್ಲಾಸ್. ಬೆಂಕಿ, ಹಡಗು ಮುಳುಗುವುದು, ಡಿಕ್ಕಿ, ಇಂಥವಕ್ಕಷ್ಟೇ ಅದು. ಒಳಗಿನ ಹನಿ ಅದರಲ್ಲಿ ಬರುವುದಿಲ್ಲ. ಸರಕು ಹಡಗು ಹತ್ತಿದ ಮೇಲೆ ಅದರ ಹೊಣೆ ಕೊಳ್ಳುವವರದು, ಹಾಗಾಗಿ ಕಾಗದದ ಪ್ರಕಾರ ನಷ್ಟ ಅವರದೇ. ಎಲ್‌ಸಿ (ಕಾಗದಗಳು ಸರಿಯಿದ್ದರೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಖಾತರಿ) ದುಡ್ಡೂ ನನಗೆ ಬಂದಾಗಿತ್ತು, ಯಾಕಂದರೆ ಬ್ಯಾಂಕು ನೋಡುವುದು ಕಾಗದಗಳನ್ನು, ಸರಕನ್ನಲ್ಲ. ಆದರೂ ಅವರ ಜೊತೆ ಮಾತಾಡಿ ಅರ್ಧ ನಷ್ಟ ನಾನು ಹೊತ್ತುಕೊಂಡೆ. ಅವರು ಎರಡನೇ ಆರ್ಡರ್ ಕೊಟ್ಟದ್ದು ಅದಕ್ಕೇ ಎಂದು ನಂಬಿದ್ದೇನೆ.

18 ದಿನ ನಿಂತದ್ದು ಯಾಕೆ? ಸರಕಿನ ಹುಳು ಸಾಯಲು ಅನಿಲ ಹಾಯಿಸಿದ್ದಕ್ಕೆ ಕೊಡುವ ಫ್ಯೂಮಿಗೇಷನ್ ಸರ್ಟಿಫಿಕೇಟ್‌ನಲ್ಲಿ ಕಂಟೇನರ್ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಎಲ್‌ಸಿ ಕೇಳಿದ ಕಾಗದಗಳಲ್ಲಿ ಅದು ಇರಲಿಲ್ಲ, ಹಾಗಾಗಿ ಬ್ಯಾಂಕಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅಲ್ಲಿನ ಸಸ್ಯ ಕ್ವಾರಂಟೈನ್ ಅಧಿಕಾರಿ ಹಿಡಿದರು. ತಿದ್ದಿದ ಸ್ಕ್ಯಾನ್ ಕಾಪಿ ನಡೆಯಲ್ಲ, ಸೀಲು ಹಾಕಿದ ಮೂಲ ಪ್ರತಿಯೇ ಬೇಕು ಎಂದರು. ಅದು ಕೊರಿಯರ್‌ನಲ್ಲಿ ಹೋಗಿ ಮುಟ್ಟುವವರೆಗೆ ದಿನದಿನವೂ ಡೆಮರೇಜ್ (ಕಂಟೇನರ್ ಬಿಡಿಸಿಕೊಳ್ಳಲು ತಡವಾದದ್ದಕ್ಕೆ ಕೊಡುವ ಶುಲ್ಕ) ಏರಿತು.

ಎರಡನೇ ಸಲ ಗೋದಾಮಿನಲ್ಲೇ ನಿಂತೆ. ತೇವ ಶೇ. 12ರ ಒಳಗೆ ಇರದ ಕಾಳನ್ನು ವಾಪಸ್ ಒಣಗಲು ಹಾಕಿಸಿದೆ. ಲೋಡಿಂಗ್ ದಿನ ಬೇರೆ ಬೇರೆ ಚೀಲಗಳಿಂದ ತೆಗೆದು ಮೀಟರ್ ಹಿಡಿದು ನೋಡಿದೆ. ಖಾಲಿ ಕಂಟೇನರ್ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡೆ. ಕತ್ತಲಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಕಂಟೇನರ್ ಬೇಡ. ನೆಲದ ಹಲಗೆ ಒದ್ದೆಯಿದ್ದರೂ ಬೇಡ. ಹೀಗೆ ಎರಡನ್ನು ವಾಪಸ್ ಕಳಿಸಿದೆ, ಲಾರಿಯವರು ಬೇಜಾರು ಮಾಡಿಕೊಂಡರು. ಗೋಡೆಗೂ ಚೀಲಗಳ ಮೇಲೂ ಕ್ರಾಫ್ಟ್ ಪೇಪರ್ ಹೊದಿಸಿ, ಪಕ್ಕಗಳಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ನೇತುಹಾಕಿಸಿದೆ. ಮರದ ಪ್ಯಾಲೆಟ್‌ಗಳ ಮೇಲೆ ಐಎಸ್‌ಪಿಎಂ 15 ಮುದ್ರೆ ಇದೆಯಾ ಎಂದು ಒಂದೊಂದನ್ನೂ ನೋಡಿದೆ. ಮರದೊಳಗಿನ ಕೀಟ ಸಾಯಲು, ತಿರುಳಿನವರೆಗೂ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇಡುವಂಥ ಉಪಚಾರ ಮಾಡಿದ್ದಾರೆ ಎಂಬುದಕ್ಕೆ ಆ ಮುದ್ರೆ ಒಂದು ಗುರುತು. ವಿಮೆಯನ್ನು ಹೆಚ್ಚು ರಕ್ಷಣೆಯ 'ಎ' ಕ್ಲಾಸ್ ಮಾಡಿಸಿದೆ.

ಕಾಗದಗಳ ಡ್ರಾಫ್ಟ್‌ಗಳನ್ನೆಲ್ಲ ಹಡಗು ಹೊರಡುವ ಮೊದಲೇ ಕೊಳ್ಳುವವರಿಗೂ ಅವರ ಕ್ಲಿಯರಿಂಗ್ ಏಜೆಂಟ್‌ಗೂ ಕಳಿಸಿದೆ. ಏಜೆಂಟ್ ಎರಡು ತಪ್ಪು ಹಿಡಿದರು. ಅವತ್ತೇ ತಿದ್ದಿಸಿದೆ. ಹಡಗಿನ ಕಂಪನಿಯ ಹತ್ತಿರ ಬಾಡಿಗೆ ಮಾತಾಡುವಾಗಲೇ ತಲುಪುವ ಬಂದರಿನಲ್ಲಿ ಡೆಮರೇಜ್ ಬೀಳದ ಫ್ರೀ ದಿನಗಳನ್ನು ಜಾಸ್ತಿ ಕೇಳಿ ಬರೆಸಿಕೊಂಡೆ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಇಷ್ಟೆಲ್ಲ ಆಗಿಯೂ ಆ ಕಂಟೇನರ್ 16 ದಿನ ನಿಂತಿತು. ಈ ಸಲ ಕಾಗದದ ತಪ್ಪಲ್ಲ, ಬಂದರೇ ತುಂಬಿಹೋಗಿತ್ತು. ಬಾಗಿಲು ತೆಗೆದ ದಿನ ಅವರು ವಿಡಿಯೊ ಕಾಲ್ ಮಾಡಿದರು. ನೇತುಹಾಕಿದ್ದ ಚೀಲಗಳು ನೀರು ಹೀರಿ ಜೋತುಬಿದ್ದಿದ್ದವು. ಕ್ರಾಫ್ಟ್ ಪೇಪರ್ ಮೇಲೆ ಅಲ್ಲಲ್ಲಿ ಹನಿಯ ಕಲೆ. ಅದನ್ನು ಸರಿಸಿ ಮೇಲಿನ ಸಾಲಿನ ಒಂದು ಚೀಲ ಬಿಚ್ಚಿದರು, ಒಂದು ಹಿಡಿ ತೆಗೆದು ಬೆರಳ ಸಂದಿನಿಂದ ಬಿಟ್ಟರು. ಕಾಳು ಗಲಗಲ ಎಂದು ಉದುರಿತು.