ಮಾಳಿಗೆಗೆ ಸುಣ್ಣ: ಎರಡು ಬೇಸಿಗೆ ಸೋತು ಮೂರನೆಯದಕ್ಕೆ ಗೆದ್ದೆ

"ಸುಣ್ಣ ಹಚ್ಚಿದ್ರ ಮನಿ ತಂಪಾಗ್ತೈತಿ ಅಂದ್ರ ಈ ಊರಾಗ ಎಸಿ ಯಾಕ ಮಾರ್ತಾರ್ರೀ ಸರ?" ಇದು ನಮ್ಮ ಗೌಂಡಿ, ಅಂದರೆ ಗಾರೆ ಕೆಲಸದವ, ಕೇಳಿದ ಪ್ರಶ್ನೆ. ಮಾವನವರು ಕೇಳಲಿಲ್ಲ, ಸುಮ್ನೆ ನಕ್ಕರು. ಅದು ಇನ್ನೂ ಜಾಸ್ತಿ ಉರಿಯಿತು.

ರಾಯಚೂರಿನವರಿಗೆ ಬಿಸಿಲಿನ ಕಥೆ ಹೇಳುವುದು ಬೇಡ. ನಮ್ಮದು ಮೇಲಿನ ಮನೆ, ಮೇಲೆ ಬರೀ ಸ್ಲ್ಯಾಬ್, ಮಲಗುವ ಕೋಣೆ ಪಡುವಣಕ್ಕೆ. ಏಪ್ರಿಲ್ ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೆ ಫ್ಯಾನ್ ಹಾಕಿದರೆ ಒಲೆ ಊದಿದ ಹಾಗೆ ಗಾಳಿ. ಅಜ್ಜನ ಮನೆಯ ಮಣ್ಣಿನ ಮಾಳಿಗೆ ಕೆಡವಿ ಇದನ್ನ ಕಟ್ಟಿಸಿದ್ದು ನಾನೇ, ಹಾಗಾಗಿ ಬೈಯಲು ಬೇರೆ ಯಾರೂ ಇರಲಿಲ್ಲ.

ಮೊದಲ ವರ್ಷ ಅಂಗಡಿಯಿಂದ ಸುಣ್ಣದ ಪುಡಿ ತಂದು, ಬಕೆಟ್‌ನಲ್ಲಿ ಕಲಸಿ, ಮಟಮಟ ಮಧ್ಯಾಹ್ನ ಹಚ್ಚಿದೆ. ಮಾಳಿಗೆ ಸರಿಯಾಗಿ ತೊಳೆದೂ ಇರಲಿಲ್ಲ. ಹಚ್ಚಿದ ಹತ್ತು ನಿಮಿಷಕ್ಕೆ ಒಣಗಿತು, ಎಷ್ಟು ಬೇಗ ಆಯ್ತು ಅಂತ ಖುಷಿಪಟ್ಟೆ. ಅದೇ ತಪ್ಪು. ಸುಣ್ಣಕ್ಕೆ ನಿಧಾನಕ್ಕೆ ಒಣಗಬೇಕು, ಹಸಿ ಇದ್ದಷ್ಟು ಹೊತ್ತು ಮಾತ್ರ ಗಟ್ಟಿಯಾಗುತ್ತೆ. ನನ್ನದು ಸೀಮೆಸುಣ್ಣದ ಪುಡಿಯಾಗಿ ಎಲ್ಲರ ಅಂಗಾಲಿಗೆ ಹತ್ತಿ ಹಾಲ್ ತುಂಬಾ ಹೆಜ್ಜೆ ಮೂಡಿದವು. ಗೋಕುಲಾಷ್ಟಮಿ ಏಪ್ರಿಲ್‌ನಲ್ಲೇ ಬಂತು ಅಂದಳು ಹೆಂಡತಿ. ಉಳಿದದ್ದನ್ನು ಮೊದಲ ಮಳೆ ಪೈಪಿನಿಂದ ಇಳಿಸಿ ಪಕ್ಕದ ಮನೆಯವರ ಬೈಕಿನ ಮೇಲೆ ಹಾಕಿತು. ಏಳುನೂರು ರೂಪಾಯಿ ಹೋಯ್ತು, ಬೈಕ್ ತೊಳೆಸಿದ್ದು ಬೇರೆ.

ಎರಡನೇ ವರ್ಷ ಗಟ್ಟಿಯಾಗಲಿ ಅಂತ ಬಿಳಿ ಸಿಮೆಂಟ್ ಸುರಿದೆ. ದಪ್ಪಗೆ, ದೋಸೆ ಹುಯ್ದ ಹಾಗೆ ಬಳಿದೆ. ಎಂಟು ದಿನ ಚಂದ ಇತ್ತು. ಆಮೇಲೆ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿತು, ಚಕ್ಕೆ ಎದ್ದು ನೀರು ಹೋಗುವ ತೂತಿಗೆ ಕೂತಿತು. ಜುಲೈನಲ್ಲಿ ಮಾಳಿಗೆ ಮೇಲೆ ಕೆರೆ, ಕೆಳಗೆ ಕೋಣೆಯಲ್ಲಿ ಸೋರಿಕೆ. ಸಾಮಾನು ಕೂಲಿ ನಾಲ್ಕು ಸಾವಿರ, ಸೋರಿಕೆ ನಿಲ್ಲಿಸಲು ಇನ್ನೊಂದು ಆರು ಸಾವಿರ ಇರಬೇಕು. ಈ ಲೆಕ್ಕ ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ.

ಮೂರನೇ ಸಲ ಪುಡಿ ಬಿಟ್ಟು ಸುಟ್ಟ ಸುಣ್ಣದ ಕಲ್ಲು ತಂದೆ, ಮೂವತ್ತು ಕಿಲೋ. ಮೊದಲ ಎರಡು ಕಿಲೋ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅರಳಿಸಲು ಹೋಗಿ ಬಕೆಟ್ಟೇ ಸೊಟ್ಟಗಾಯಿತು, ನೀರು ಕೊತಕೊತ ಕುದಿಯಿತು. ಕಬ್ಬಿಣದ ಹಳೇ ಡ್ರಮ್ಮೇ ಸರಿ. ಮೊದಲು ನೀರು, ಆಮೇಲೆ ಒಂದೊಂದೇ ಕಲ್ಲು, ಕಣ್ಣಿಗೆ ಕನ್ನಡಕ. ಇದರಲ್ಲಿ ಮಾತ್ರ ಹುಡುಗಾಟ ಬೇಡ. ಎರಡು ರಾತ್ರಿ ಬಿಟ್ಟು ಹಳೇ ಧೋತರದಲ್ಲಿ ಸೋಸಿ, ಮೂರು ಕಿಲೋ ಫೆವಿಕಾಲ್, ಎರಡು ಹಿಡಿ ಬಿಳಿ ಸಿಮೆಂಟ್ ಹಾಕಿದೆ. ಅಜ್ಜನ ಕಾಲದವರು ಗಾರೆಗೆ ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದರಲ್ವಾ, ಆ ದಾರಿಯದೇ ಇನ್ನೊಂದು ಸಾಮಾನು ನನ್ನ ಡ್ರಮ್ಮಿಗೂ ಬಿತ್ತು. ಅದನ್ನ ಬರೆಯಲ್ಲ. ಅಡುಗೆಮನೆಯಲ್ಲೇ ಇದೆ, ಹುಡುಕಿಕೊಳ್ಳಿ.

ಸಂಜೆ ಐದೂವರೆ ಮೇಲೆ, ತೊಳೆದ ಮಾಳಿಗೆ ಇನ್ನೂ ಒದ್ದೆ ಇರುವಾಗಲೇ ಮಜ್ಜಿಗೆಯಷ್ಟು ತೆಳುವಾಗಿ ಹಚ್ಚಿದೆ. ಹಚ್ಚಿದಾಗ ಏನೂ ಕಾಣಲ್ಲ, ಕೊಳಕು ನೀರು ಚೆಲ್ಲಿದ ಹಾಗೆ ಇರುತ್ತೆ. ಗೌಂಡಿ ಮತ್ತೆ ನಕ್ಕ. ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಬೆಳ್ಳಗೆ ಮಲ್ಲಿಗೆ. ಹೀಗೆ ಮೂರು ಸಂಜೆ ಮೂರು ಕೈ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ, ಆಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ್ದು. ಅಂಗೈಯಿಂದ ಜೋರಾಗಿ ಉಜ್ಜಿದೆ, ಕೈಗೆ ಬಿಳಿ ಹತ್ತಲಿಲ್ಲ. ಆಗಲೇ ಗೆದ್ದೆ ಅನಿಸಿತು.

ಐನೂರೈವತ್ತು ಚದರ ಅಡಿಗೆ ಕೂಲಿ ಸೇರಿ ಮೂರು ಸಾವಿರದ ಒಳಗೇ ಮುಗಿಯಿತು. ತಂಪು ಪೇಂಟ್ ಹೊಡೆಯುತ್ತೇವೆ ಅಂತ ಬಂದವರು ಇಪ್ಪತ್ತೈದು ಸಾವಿರದ ಹತ್ತಿರ ಕೇಳಿದ್ದರು.

ಗೆಳೆಯನ ಹತ್ತಿರ ಶಾಖ ನೋಡುವ ಗನ್ ಇತ್ತು, ಇಸ್ಕೊಂಡು ಬಂದೆ. ಮೇ ತಿಂಗಳು, ಸಂಜೆ ನಾಲ್ಕು, ಹೊರಗೆ 42 ಡಿಗ್ರಿ. ನಮ್ಮ ಸ್ಲ್ಯಾಬಿನ ಒಳಮೈ 38ರ ಆಸುಪಾಸು. ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ (ಬೈಕಿನವರೇ) 45 ತೋರಿಸಿತು. ಕೋಣೆಯ ಗಾಳಿ ಇಳಿದದ್ದು ಮೂರು ಡಿಗ್ರಿ ಅಷ್ಟೇ, ಎಸಿ ಅಂತ ತಿಳಿಯಬೇಡಿ. ಆದರೆ ಮಾವನವರು ಮಧ್ಯಾಹ್ನ ಊಟ ಮಾಡಿ ಅದೇ ಕೋಣೆಯಲ್ಲಿ ಗೊರಕೆ ಹೊಡೆದರು, ನನಗೆ ಅಷ್ಟು ಸಾಕು. ಕೃಷ್ಣಾ ಹೊಳೆ ದಾಟಿದರೆ ತೆಲಂಗಾಣ, ಅಲ್ಲಿಯ ಸರ್ಕಾರ 2023ರಲ್ಲೇ ತಂಪು ಮಾಳಿಗೆಗೆ ಅಂತ ಒಂದು ನೀತಿ ತಂದಿದೆ. ಇದನ್ನ ಗೌಂಡಿಗೆ ಹೇಳಿದೆ. "ಹೌದೇನ್ರೀ" ಅಂದು, ಮರುದಿನ ಫೋನ್ ಮಾಡಿ ಸುಣ್ಣಕ್ಕೆ ಎಷ್ಟು ಅಂಟು ಅಂತ ಕೇಳಿದ. ಅಂಟಿನ ಲೆಕ್ಕ ಮಾತ್ರ ಕೊಟ್ಟೆ.

ಎಲ್ಲರೂ ಖುಷಿ ಅಂತಲ್ಲ. "ಮೊದಲಿನಂಗ ನೆಲ ಕಾಯಂಗಿಲ್ಲ, ಸಂಡಿಗಿ ಒಣಗಂಗಿಲ್ಲ" ಅಂತ ಅವ್ವನ ತಕರಾರು. ಮಾತು ನಿಜವೇ. ಈಗ ಮೂಲೆಯಲ್ಲಿ ಆರಡಿ ನಾಲ್ಕಡಿ ಜಾಗ ಕೆರೆದು ಸುಣ್ಣವಿಲ್ಲದೆ ಬಿಟ್ಟಿದ್ದೇನೆ, ಅದು ಅವ್ವನ ಸಂಡಿಗೆ ಹೊಲ. ಎರೆಮಣ್ಣಿನ ಧೂಳು ಕೂತರೆ ಬಿಳುಪು ಮಂಕಾಗುತ್ತೆ, ಹದಿನೈದು ದಿನಕ್ಕೊಮ್ಮೆ ಪೊರಕೆ ಆಡಿಸಬೇಕು. ಮಳೆಗಾಲ ದಾಟಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಯುಗಾದಿ ಸುಣ್ಣಬಣ್ಣದ ಜೊತೆ ಮೇಲೊಂದು ಕೈ ಹೊಡೆದರೆ ಸಾಕು.

ಉಳಿದ ಸುಣ್ಣವನ್ನು ಮಾಳಿಗೆಯ ಕಪ್ಪು ನೀರಿನ ಟ್ಯಾಂಕಿಗೂ ಬಳಿದೆ, ಮಧ್ಯಾಹ್ನ ನಲ್ಲಿಯಲ್ಲಿ ಕುದಿನೀರು ಬರುತ್ತಲ್ಲ ಅಂತ. ಪ್ಲಾಸ್ಟಿಕ್ಕಿಗೆ ನಿಲ್ಲಲ್ಲ, ಎರಡೇ ದಿನಕ್ಕೆ ಹಪ್ಪಳದ ಹಾಗೆ ಉದುರಿತು. ಈಗ ಗೋಣಿಚೀಲ ಹೊಲಿದು ಸುತ್ತಿದ್ದೇನೆ. ನೀರು ಸ್ವಲ್ಪ ಪರವಾಗಿಲ್ಲ, ಆದರೆ ಚೀಲದ ಒಳಗೆ ಗುಬ್ಬಿ ಗೂಡು ಕಟ್ಟಿದೆ, ಮರಿ ಹಾರುವ ತನಕ ಬಿಚ್ಚುವ ಹಾಗಿಲ್ಲ.