ಜೊತೆಗೆ ಬಂದವರ ಬಿಪಿ

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ನಾನು ಆಪ್ತಸಮಾಲೋಚಕಿ. ಜನರ ಬಾಯಲ್ಲಿ ಅದು ‘ಬಿಪಿ ಶುಗರ್ ರೂಮು’. ಲಕ್ವ ಹೊಡೆದವರು, ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರು, ಮರೆವು ಹೆಚ್ಚಿದ ಹಿರಿಯರು ಇಲ್ಲಿಗೆ ಬರುತ್ತಾರೆ. ಒಬ್ಬರೇ ಬರುವುದು ಕಡಿಮೆ. ಹೆಂಡತಿಯೋ ಸೊಸೆಯೋ ಮಗಳೋ ಹೆಗಲು ಕೊಟ್ಟು ಕರೆತಂದಿರುತ್ತಾರೆ. ಚೀಟಿ ಮಾಡಿಸುವುದು, ಮಾತ್ರೆಗೆ ಸಾಲು ನಿಲ್ಲುವುದು, ಡಾಕ್ಟರ್ ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಎಲ್ಲ ಅವರದೇ ಕೆಲಸ. ಒತ್ತಡ ದೇಹವನ್ನು ಹೇಗೆ ತಿನ್ನುತ್ತದೆ ಅನ್ನುವುದನ್ನು ನಾನು ಹೆಚ್ಚಾಗಿ ಕಂಡದ್ದು ಹೀಗೆ ಜೊತೆಗೆ ಬಂದವರಲ್ಲಿ. ಅವರ ತೋಳಿಗೂ ಬಿಪಿ ಪಟ್ಟಿ ಕಟ್ಟಲು ಶುರುಮಾಡಿದ ಮೇಲೆ ನನ್ನ ಕೆಲಸದ ರೀತಿಯೇ ಬೇರೆಯಾಯಿತು. ಅದನ್ನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ. ಆಶಾ ಕಾರ್ಯಕರ್ತೆಯರಿಗೋ ನರ್ಸ್‌ಗಳಿಗೋ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವವರಿಗೋ ಉಪಯೋಗಕ್ಕೆ ಬಂದರೆ ಬರಲಿ.

“ನಂಗೇನಾಗಿದೆ ಮೇಡಂ, ನಮ್ಮತ್ತೆಗೆ ನೋಡಿ ಸಾಕು” ಅನ್ನುವುದು ಹೆಚ್ಚಿನವರ ಮೊದಲ ಮಾತು.

“ಅವರದು ನೋಡಿ ಆಯ್ತಲ್ಲಕ್ಕ. ಈಗ ನಿಮ್ಮ ಕೈ ಕೊಡಿ.”

ಕೈ ಕೊಟ್ಟ ತಕ್ಷಣ ಅಳೆಯುವುದಿಲ್ಲ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಸುಮ್ಮನೆ ಕೂರಿಸುತ್ತೇನೆ. ಕಾಫಿ ಕುಡಿದು, ಹೊಗೆಸೊಪ್ಪು ಹಾಕಿ ಬಂದಿದ್ದರೆ ಅರ್ಧ ಗಂಟೆ ಕಾಯಿಸುತ್ತೇನೆ. ಅಳೆಯುವಾಗ ಮಾತಾಡಬಾರದು, ಮಾತಾಡಿದರೆ ರೀಡಿಂಗ್ ಏರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಆ ದಿನದಲ್ಲಿ ಯಾರೂ ಏನೂ ಕೇಳದ ಐದು ನಿಮಿಷ ಅದೊಂದೇ. ಕೆಲವರು ಅಷ್ಟರಲ್ಲೇ ಅತ್ತುಬಿಡುತ್ತಾರೆ. ಅತ್ತರೆ ಪಟ್ಟಿ ಬಿಚ್ಚಿ, ಅಳು ಮುಗಿದ ಮೇಲೆ ಮತ್ತೆ ಕಟ್ಟುತ್ತೇನೆ. ಮೇಲಿನ ಸಂಖ್ಯೆ 140ರ ಮೇಲೆ ಅಥವಾ ಕೆಳಗಿನ ಸಂಖ್ಯೆ 90ರ ಮೇಲೆ ಬಂದರೆ ಅವತ್ತೇ ಬಿಪಿ ಇದೆ ಅಂತ ಹೇಳಿಬಿಡುವುದಿಲ್ಲ. ಇನ್ನೊಂದು ದಿನ ಕರೆಸಿ ಮತ್ತೆ ನೋಡಬೇಕು.

ಇನ್ನೊಂದು ವಿಷಯದಲ್ಲಿ ನಾನು ಬಹಳ ಗಟ್ಟಿ. ಎದೆ ಡವಡವ ಅನ್ನುತ್ತೆ, ಕೈಕಾಲು ಸೋಲು, ತಲೆ ಭಾರ, ಹೊಟ್ಟೆಯಲ್ಲಿ ಗ್ಯಾಸ್ಟ್ರಿಕ್ ಅಂದವರನ್ನು “ಟೆನ್ಶನ್ ಮಾಡ್ಕೋಬೇಡಿ” ಅಂತ ಕಳಿಸುವುದು ನಮ್ಮಲ್ಲಿ ಮಾಮೂಲಾಗಿದೆ. ಹೆಂಗಸರಿಗಂತೂ ಇದು ಬೇಗ ಅಂಟುವ ಹಣೆಪಟ್ಟಿ. ಸುಸ್ತಿಗೂ ಎದೆಬಡಿತಕ್ಕೂ ರಕ್ತಹೀನತೆ ಕಾರಣವಿರಬಹುದು, ಥೈರಾಯ್ಡ್ ಇರಬಹುದು. ‘ಗ್ಯಾಸ್ಟ್ರಿಕ್’ ಅಂದುಕೊಂಡದ್ದು ಹೃದಯದ ನೋವಾಗಿರಬಹುದು. ಆದ್ದರಿಂದ ಹಿಮೋಗ್ಲೋಬಿನ್, ಶುಗರ್, ಡಾಕ್ಟರ್ ಹೇಳಿದರೆ ಥೈರಾಯ್ಡ್, ಎದೆಯ ತೊಂದರೆ ಹೇಳಿದವರಿಗೆ ಇಸಿಜಿ. ಇವು ಆಗದೆ ನಾನು ಮನಸ್ಸಿನ ಮಾತಿಗೆ ಕೂರುವುದಿಲ್ಲ. ಒತ್ತಡ ನಿಜವಾಗಿ ಇದ್ದರೂ ಅದರ ಪಕ್ಕದಲ್ಲೇ ಇನ್ನೊಂದು ಕಾಯಿಲೆ ಇರಲು ಏನೂ ಅಡ್ಡಿಯಿಲ್ಲ.

ಪರೀಕ್ಷೆಗಳಾದ ಮೇಲೆ ದೇಹದಲ್ಲಿ ಏನಾಗುತ್ತಿದೆ ಅಂತ ವಿವರಿಸುತ್ತೇನೆ. ಇಲ್ಲಿ ಎಲ್ಲರ ತೋಟದಲ್ಲೂ ಬೋರ್‌ವೆಲ್ ಇದೆ, ಆಟೋ ಸ್ಟಾರ್ಟರ್ ಇದೆ. ಕರೆಂಟ್ ಬಂದಾಗಲೆಲ್ಲ ಮೋಟರ್ ತಾನೇ ಓಡುತ್ತದೆ, ನೀರಿಲ್ಲದಿದ್ದರೂ ಓಡಿ ಕಾಯಿಲ್ ಸುಡುತ್ತದೆ. ದೇಹವೂ ಹಾಗೇ. ಅಪಾಯ ಕಂಡಾಗ ಅಡ್ರಿನಲಿನ್ ಅನ್ನುವ ಹಾರ್ಮೋನು ಹೃದಯವನ್ನು ಜೋರು ಮಾಡುವುದು, ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವುದು ಓಡುವುದಕ್ಕೆ, ಹೊಡೆದಾಡುವುದಕ್ಕೆ ಬೇಕಾದ ಏರ್ಪಾಡು. ಕೆಲಸ ಮುಗಿದ ಮೇಲೆ ಆರಬೇಕು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಆರುವುದೇ ಇಲ್ಲ, ವರ್ಷಗಟ್ಟಲೆ ಓಡುತ್ತಲೇ ಇರುತ್ತದೆ. ಹೀಗೆ ದೇಹದ ಮೇಲೆ ಕೂಡಿಬೀಳುವ ಸವೆತಕ್ಕೆ ಅಮೆರಿಕದ ವಿಜ್ಞಾನಿ ಬ್ರೂಸ್ ಮೆಕ್‌ಯೂವನ್ ಮತ್ತು ಎಲಿಯಟ್ ಸ್ಟೆಲರ್ 1993ರಲ್ಲಿ ‘ಅಲೋಸ್ಟಾಟಿಕ್ ಲೋಡ್’ ಅಂತ ಹೆಸರಿಟ್ಟರು. ನನ್ನ ಮುಂದೆ ಕೂತವರಿಗೆ ಆ ಹೆಸರು ಬೇಕಿಲ್ಲ, ಮೋಟರ್ ಸಾಕು.

ಆರೈಕೆ ಮಾಡುವವರ ದೇಹದ ಬಗ್ಗೆ ನಾನು ಮತ್ತೆ ಮತ್ತೆ ಹೇಳುವ ಒಂದು ಅಧ್ಯಯನವಿದೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಮರೆವಿನ ಕಾಯಿಲೆಯ ಸಂಬಂಧಿಕರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅಂಥ ಹೊರೆಯಿಲ್ಲದ, ಅದೇ ವಯಸ್ಸಿನ 13 ಹೆಂಗಸರು. ಎಲ್ಲರ ತೋಳಿನ ಚರ್ಮದಲ್ಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ ಮಾಯುವುದನ್ನು ಕಾದರು. ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಸಣ್ಣ ಅಧ್ಯಯನವೇ, ಒಪ್ಪುತ್ತೇನೆ. ಆದರೆ ಇದನ್ನು ಹೇಳಿದಾಗ “ನಂಗೂ ಹಿಮ್ಮಡಿ ಒಡೆದಿದ್ದು ಕೂಡ್ತಾನೇ ಇಲ್ಲ ಮೇಡಂ” ಅನ್ನುತ್ತಾರೆ. ಆಗ ನಾನು ಶುಗರ್ ಇನ್ನೊಮ್ಮೆ ನೋಡಿಸುತ್ತೇನೆ, ಅವರು ತಮ್ಮ ಕಾಲನ್ನು ಮೊದಲ ಸಲ ತೋರಿಸುತ್ತಾರೆ.

ಒತ್ತಡ ದೇಹಕ್ಕಿಳಿಯಲು ಇನ್ನೊಂದು ದಾರಿಯಿದೆ. ನಮ್ಮೂರುಗಳಲ್ಲಿ ಹಾರ್ಮೋನಿಗಿಂತ ಅದೇ ದೊಡ್ಡದೋ ಏನೋ ಅಂತ ನನಗೆ ಅನ್ನಿಸಿದೆ. ಅತ್ತೆಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಸೊಸೆ ತನ್ನ ಬಿಪಿ ಮಾತ್ರೆಯನ್ನು ನುಂಗಿರುವುದಿಲ್ಲ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ನಿಂತುಕೊಂಡೇ ಆಗಿರುತ್ತದೆ. ರಾತ್ರಿ ಎಚ್ಚರವಿರಲು ಕಡ್ಡಿಪುಡಿ ಶುರುವಾಗಿರುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಮೂರೇ: ನಿಮ್ಮ ಮಾತ್ರೆ, ನಿಮ್ಮ ಊಟ, ನಿಮ್ಮ ನಿದ್ದೆ. ಅವರ ಮಾತ್ರೆಯ ಸ್ಟ್ರಿಪ್ಪನ್ನು ರೋಗಿಯ ಮಾತ್ರೆಯ ಡಬ್ಬಿಯಲ್ಲೇ ಇಡಿಸುತ್ತೇನೆ. ಇಷ್ಟರಿಂದಲೇ ಬಿಪಿ ಹತೋಟಿಗೆ ಬಂದವರಿದ್ದಾರೆ.

ಇನ್ನು ಮನಸ್ಸಿನ ಕೆಲಸ. ಅದನ್ನು ಹುಣಸೆ ಬೀಜ ಇಟ್ಟುಕೊಂಡು ಮಾಡುತ್ತೇನೆ. ಓದು ಬಾರದವರಿಗೂ ಆಗುತ್ತದೆ, ಬರುವವರಿಗೂ ಬರೆಯುವುದಕ್ಕಿಂತ ಇದು ಹಗುರ. ಚಿಂತೆಗೊಂದು ಬೀಜ. ಹೆಸರು ಹೇಳಿ ಮೇಜಿನ ಮೇಲಿಡಬೇಕು. ಗಂಡನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದ್ದ ಒಬ್ಬ ಹೆಣ್ಣುಮಗಳು ಒಂದೊಂದೇ ಇಟ್ಟರು: ರಾತ್ರಿ ಎರಡೆರಡು ಗಂಟೆಗೊಮ್ಮೆ ಅವರನ್ನು ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಸು ಕರೆಯಬೇಕು. ಸಂಘದ ಕಂತು. ಕೈ ವಾಪಸ್ ಬರುತ್ತೋ ಇಲ್ಲವೋ. ಅವರು ಬಾಯಿಗೆ ಬಂದಂತೆ ಬೈಯುತ್ತಾರೆ. ಮಗಳ ಮದುವೆ. ಮುಂದೆ ಏನು ಗತಿ.

ಆಮೇಲೆ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಕೈಯಾಡಿಸಿದರೆ ಸ್ವಲ್ಪವಾದರೂ ಸರಿಯುವಂಥವು ಈ ಕಡೆ, ಏನು ಮಾಡಿದರೂ ಸರಿಯದವು ಆ ಕಡೆ. ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1984ರ ತಮ್ಮ ಪುಸ್ತಕದಲ್ಲಿ ಒತ್ತಡವನ್ನು ಎದುರಿಸುವ ಎರಡು ಬಗೆಗಳನ್ನು ವಿವರಿಸಿದರು. ಒಂದು ತೊಂದರೆಯನ್ನೇ ಸರಿಪಡಿಸುವುದು, ಇನ್ನೊಂದು ಆ ತೊಂದರೆ ಹುಟ್ಟಿಸಿದ ಸಂಕಟವನ್ನು ಸಂಭಾಳಿಸುವುದು. ಎರಡೂ ಬೇಕು. ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದೇ ಕಷ್ಟ. ಕಂತು ಕಟ್ಟಲಾಗದವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಅದು ಕ್ರೂರ. ಬಾರದ ಕೈಗಾಗಿ ಊರೂರು ತಿರುಗಿ ಎಣ್ಣೆ, ಮದ್ದು ಅಂತ ಸಾಲ ಮಾಡುತ್ತಿದ್ದರೆ ಅದೂ ದೇಹವನ್ನು ಸವೆಸುತ್ತದೆ.

ಸರಿಯುವ ಬೀಜಗಳನ್ನು ಒಂದೊಂದಾಗಿ ಎತ್ತಿ, “ಇದನ್ನ ಇನ್ನ್ಯಾರು ಹೊರಬಹುದು?” ಅಂತ ಕೇಳುತ್ತೇನೆ. ಮೊದಲ ಉತ್ತರ “ಯಾರೂ ಇಲ್ಲ ಮೇಡಂ” ಅಂತಲೇ ಬರುತ್ತದೆ. ನಾನು ಬಿಡುವುದಿಲ್ಲ. ರೋಗಿಯನ್ನು ನೋಡಲು ಬಂದ ನೆಂಟರೆಲ್ಲ “ಏನಾದ್ರೂ ಬೇಕಿದ್ರೆ ಹೇಳು” ಅಂದು ಹೋಗಿರುತ್ತಾರೆ. ಆ ಮಾತಿಗೆ ದಿನ, ಹೊತ್ತು, ಕೆಲಸ ಜೋಡಿಸದೆ ಯಾರೂ ಬರುವುದಿಲ್ಲ. ಆ ಹೆಣ್ಣುಮಗಳ ಎದುರಿಗೇ ಮೈದುನನಿಗೆ ಫೋನ್ ಮಾಡಿಸಿದೆ. “ಸಾಯಂಕಾಲದ ಹಾಲು ನೀನೇ ಡೈರಿಗೆ ಹಾಕ್ಬೇಕಪ್ಪ, ನಿಮ್ಮಣ್ಣನ್ನ ಬಿಟ್ಟು ಹೋಗಕ್ಕಾಗಲ್ಲ” ಅಂದರು. ಅವನು ಒಪ್ಪಿದ. ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ, ಅಷ್ಟೇ. ಅಂಗವಿಕಲರ ವೇತನಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕು, ಅದರ ಅರ್ಜಿಯ ಓಡಾಟವನ್ನು ಕಾಲೇಜಿಗೆ ಹೋಗುವ ಮಗಳಿಗೆ ವಹಿಸಿದೆವು. ಹಾಸಿಗೆಹುಣ್ಣು ತಡೆಯುವ ಗಾಳಿ ಹಾಸಿಗೆಯನ್ನು ಅವರದೇ ಬೀದಿಯ ಒಂದು ಮನೆಯವರು, ತಮ್ಮ ರೋಗಿ ತೀರಿಕೊಂಡಿದ್ದರಿಂದ, ಕೊಟ್ಟರು.

ಬೈಗುಳದ ಬೀಜವನ್ನು ಅವರು ಸರಿಯದ ಕಡೆಗೇ ಇಟ್ಟಿದ್ದರು. ಅದರ ಬಗ್ಗೆ ಬೇರೆಯಾಗಿ ಮಾತಾಡಿದೆವು. ಲಕ್ವ ಹೊಡೆದ ಮೇಲೆ ಸಿಟ್ಟು, ಇದ್ದಕ್ಕಿದ್ದಂತೆ ಅಳು, ತಡೆಯಲಾಗದ ನಗು ಬರುವುದು ಮೆದುಳಿಗಾದ ಪೆಟ್ಟಿನಿಂದಲೂ ಇರಬಹುದು ಅಂತ ಡಾಕ್ಟರ್ ಬಾಯಲ್ಲೇ ಹೇಳಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನನ್ ಮೇಲಿನ ಸಿಟ್ಟಲ್ವಾ ಅದು?” ಅಂದರು. ಆ ಮನೆಯಲ್ಲಿ ಬೈಗುಳ ನಿಲ್ಲಲಿಲ್ಲ. ಆದರೆ ಪ್ರತಿ ಬೈಗುಳವೂ ಇಷ್ಟು ವರ್ಷದ ಸಂಸಾರದ ಮೇಲಿನ ತೀರ್ಪಿನಂತೆ ಕೇಳಿಸುವುದು ನಿಂತಿತು. ಲಜಾರಸ್ ಹೇಳಿದ ಮುಖ್ಯ ಮಾತೇ ಇದು: ನಡೆದದ್ದನ್ನು ನಾವು ಏನೆಂದು ಎಣಿಸುತ್ತೇವೋ ಅದರ ಮೇಲೆ ಒತ್ತಡ ನಿಂತಿರುತ್ತದೆ. ಡಾಕ್ಟರರ ಆ ವಿವರಣೆ ಮಾಡಿದ ಕೆಲಸವನ್ನು ನನ್ನ ಯಾವ ಸಮಾಧಾನದ ಮಾತೂ ಮಾಡಿರಲಿಲ್ಲ.

ಸರಿಯದ ಬೀಜಗಳಿಗೆ ಉಸಿರು, ಅಳು, ಜೊತೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ ಮೆದುಳಿನಿಂದ ಹೃದಯಕ್ಕಿಳಿಯುವ ವೇಗಸ್ ನರದ ಮೂಲಕ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ಹೊರಗೆ ಬಿಡುವುದನ್ನು ಉದ್ದ ಮಾಡುವುದು. ನಾಡಿ ಹಿಡಿಸಿ ಅದನ್ನು ಅವರ ಬೆರಳಿಗೇ ಗೊತ್ತು ಮಾಡಿಸುತ್ತೇನೆ. “ಬಿಡುವಾದಾಗ ಮಾಡಿ” ಅಂದರೆ ಬಿಡುವು ಆಗುವುದೇ ಇಲ್ಲ, ಆದ್ದರಿಂದ ಹಾಲು ಕಾಯುವಾಗ, ಬಸ್ಸಿಗೆ ಕಾಯುವಾಗ ಅಂತ ಹೊತ್ತು ಗೊತ್ತು ಮಾಡುತ್ತೇವೆ. ವಾಕಿಂಗ್ ಹೋಗಿ ಅಂತ ನಾನು ಹೇಳುವುದಿಲ್ಲ. ಬೆಳಗಿನಿಂದ ಹಸುವಿನ ಹಿಂದೆ ನಡೆದವರಿಗೆ ಬೇಕಾಗಿರುವುದು ಕೂರುವುದು. ಶನಿವಾರದ ಭಜನೆ ಬಿಟ್ಟವರನ್ನು ಮತ್ತೆ ಹೋಗುವಂತೆ ಒತ್ತಾಯಿಸುತ್ತೇನೆ. ಭಕ್ತಿ ಅವರವರದು, ಆದರೆ ಅಲ್ಲಿ ಒಟ್ಟಿಗೆ ಹಾಡುವುದಿದೆ, ಉದ್ದ ಉಸಿರಿದೆ, “ಹೆಂಗಿದೀಯಾ” ಅಂತ ಇವರನ್ನೇ ಕೇಳುವವರಿದ್ದಾರೆ.

ನಿದ್ದೆಯ ವಿಷಯದಲ್ಲಿ ಮನೆಯವರ ಜೊತೆ ಜಗಳಕ್ಕೂ ನಿಂತಿದ್ದೇನೆ. ಆರೋಗ್ಯವಂತರ ಬಿಪಿ ನಿದ್ದೆಯಲ್ಲಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೂ ರಕ್ತನಾಳಕ್ಕೂ ಸಿಗುವ ವಿಶ್ರಾಂತಿ ಅದು. ರಾತ್ರಿಯೆಲ್ಲ ಎದ್ದು ಎದ್ದು ಮಲಗುವವರಿಗೆ ಅದು ಸರಿಯಾಗಿ ದಕ್ಕುವುದಿಲ್ಲ. ಪಾಳಿ ಹಂಚಬೇಕು: ಒಂದು ಗಂಟೆಯವರೆಗೆ ಮಗ, ಆಮೇಲೆ ತಾಯಿ. “ಅವ್ನು ಬೆಳಿಗ್ಗೆ ಕೆಲ್ಸಕ್ಕೆ ಹೋಗ್ಬೇಕಲ್ಲ” ಅಂತ ಎಲ್ಲ ತಾಯಂದಿರೂ ಅನ್ನುತ್ತಾರೆ. ನಿಮ್ಮದೂ ಕೆಲಸವೇ ಅಂತ ಮಗನನ್ನೇ ಕರೆಸಿ, ತಾಯಿಯ ಬಿಪಿ ಬರೆದ ಚೀಟಿ ತೋರಿಸುತ್ತೇನೆ. ಸಂಖ್ಯೆ ಕಂಡರೆ ಹುಡುಗರು ವಾದ ಮಾಡುವುದು ಕಡಿಮೆ. ಬಿಪಿ ಪಟ್ಟಿಯಿಂದಾದ ದೊಡ್ಡ ಉಪಕಾರ ಇದೇ ಇರಬೇಕು. “ಸುಸ್ತಾಗಿದೀನಿ” ಅಂದಾಗ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದವರಿಗೆ ತೋರಿಸಲು ಒಂದು ಕಾಗದ ಸಿಕ್ಕಿತು.

ಎರಡು ವಾರಕ್ಕೂ ಮೇಲೆ ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಹುಣಸೆ ಬೀಜ ಸಾಲದು, ಮನೋವೈದ್ಯರ ಹತ್ತಿರ ಕಳಿಸಬೇಕು. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳುತ್ತೇನೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಹೌದು ಅಂದರೆ ಒಬ್ಬರನ್ನೇ ಮನೆಗೆ ಕಳಿಸುವುದಿಲ್ಲ, ಅವತ್ತೇ ಡಾಕ್ಟರಿಗೆ ತೋರಿಸುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರ ಚೀಟಿಯ ಹಿಂದೆ ಬರೆದುಕೊಡುತ್ತೇನೆ. ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ರೋಗಿಯನ್ನು ಹೊರಳಿಸಿ ಕೂತವರಿಗೆ ನಾನು ಸಿಗುವುದಿಲ್ಲ, ಆ ಸಂಖ್ಯೆ ಸಿಗುತ್ತದೆ.

ಗಂಡಸರು ಮಾತ್ರ ನನಗೆ ಇನ್ನೂ ಸರಿಯಾಗಿ ದಕ್ಕಿಲ್ಲ. ಹೆಂಡತಿಗೆ ಕಿಡ್ನಿ ಹೋಗಿ ಡಯಾಲಿಸಿಸ್‌ಗೆ ಕರೆತರುವ ಗಂಡಂದಿರು, ಒಬ್ಬರೇ ತಾಯಿಯನ್ನು ನೋಡಿಕೊಳ್ಳುವ ಗಂಡುಮಕ್ಕಳು ಬಾಗಿಲ ಹೊರಗೇ ನಿಲ್ಲುತ್ತಾರೆ. ಅವರ ಸಂಕಟ ಕುಡಿತಕ್ಕೆ ಇಳಿಯುತ್ತದೆ, ಇಲ್ಲವೇ ಬೀಡಿಗೆ. ರೂಮಿಗೆ ಬನ್ನಿ ಅಂದರೆ ಬರುವುದಿಲ್ಲ. ಈಗ ಬಿಪಿ ಯಂತ್ರವನ್ನೇ ಸಾಯಂಕಾಲ ಹಾಲು ಹಾಕುವ ಹೊತ್ತಿಗೆ ಡೈರಿಗೆ ಒಯ್ಯುತ್ತಿದ್ದೇವೆ. ಕ್ಯಾನ್ ಇಳಿಸಿದವರು ಹಣ ಬರೆಸಲು ಹೇಗೂ ಕಾಯಬೇಕು. ಕಾಯುವಾಗ ತೋಳು ಕೊಡುತ್ತಾರೆ, ಐದು ನಿಮಿಷ ಸುಮ್ಮನೆ ಕೂರುತ್ತಾರೆ. ಕೆಲವರು ಎದ್ದು ಹೋಗುವ ಮುಂಚೆ ಮನೆಯ ವಿಷಯ ತೆಗೆಯುತ್ತಾರೆ. ಹಾಲಿನ ಸಂಘದ ಕಾರ್ಯದರ್ಶಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿಕೊಟ್ಟಿದ್ದಾರೆ. ಮುಂದಿನ ತಿಂಗಳಿಂದ ಪಕ್ಕದ ಎರಡು ಊರುಗಳ ಡೈರಿಗೂ ಹೋಗಬೇಕೆಂದಿದೆ, ಅಲ್ಲಿನ ಆಶಾ ಕಾರ್ಯಕರ್ತೆಯರು ಅಳೆಯುವುದನ್ನು ಕಲಿಯುತ್ತಿದ್ದಾರೆ.