ಮೂರೂವರೆ ತಿಂಗಳಿಂದ ಒಂಬತ್ತರವರೆಗೆ

“ಇಂಜೆಕ್ಷನ್ ಜ್ವರ ಕಣವ್ವಾ, ಇಳಿಯುತ್ತೆ ಬಿಡು” ಅಂತ ಕೂಸು ಎತ್ತಿಕೊಂಡು ಬಂದ ತಾಯಿಗೆ ಹೇಳಿ ಕಳಿಸಿದ್ದೆ. 14 ವಾರಕ್ಕೆ ಕೊಡುವ ಪೆಂಟಾ (ಐದು ರೋಗ ತಡೆಯುವ ಲಸಿಕೆ) ಮೂರನೇ ಡೋಸ್ ಹಾಕಿ ಆಗಲೇ ನಾಲ್ಕು ದಿನ ಆಗಿತ್ತು. ಲಸಿಕೆ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದು ಗೊತ್ತಿದ್ದೂ ಪ್ಯಾರಾಸಿಟಮಾಲ್ ಹನಿ ಕೊಟ್ಟು ಕಳಿಸಿದೆ. ವಾರದ ಮೇಲೆ ಅದೇ ತಾಯಿ ಮತ್ತೆ ಬಂದಳು. “ಅಕ್ಕಾರ, ರಾತ್ರಿ ಮೈ ಸುಡ್ತದ್ರಿ, ಮುಂಜಾನಿ ಚಲೋ ಇರ್ತದ್ರಿ.” ಕೂಸಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ಮಲೇರಿಯಾ ಪರೀಕ್ಷೆಯ ಕಿಟ್ ಮೇಲೆ ಹಾಕಿದೆ. ಹತ್ತಿಪ್ಪತ್ತು ನಿಮಿಷಕ್ಕೆ ಇನ್ನೊಂದು ಗೆರೆ ಮೂಡಿತು. ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ.

ನಾನು ಮಂಗಳೂರಿನಲ್ಲಿ ತಾಯಿ-ಮಕ್ಕಳಿಗೆ ಲಸಿಕೆ ಹಾಕುವ ಸಹಾಯಕ ನರ್ಸ್, ಅಂದ್ರೆ ಎಎನ್‌ಎಂ. ಗುರುವಾರ ನಮ್ಮ ಲಸಿಕೆ ದಿನ. ಬರುವವರಲ್ಲಿ ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಜಾಸ್ತಿ. ಇಲ್ಲಿ ಮಲೇರಿಯಾ ಹಬ್ಬಿಸುವ ಸೊಳ್ಳೆಗೆ ಚರಂಡಿ ಬೇಡ, ತಿಳಿನೀರೇ ಬೇಕು. ಸ್ಲ್ಯಾಬ್ ಮೇಲೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ಕ್ಯೂರಿಂಗ್‌ಗೆ ಕಟ್ಟಿ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ಮುಚ್ಚಳ ಇಲ್ಲದ ಟ್ಯಾಂಕ್. ಇವರ ಶೆಡ್ಡು ಅದರ ಬುಡದಲ್ಲೇ ಇರುತ್ತದೆ.

ಆ ಮಗುವಿಗೆ ಡಾಕ್ಟರು ತೂಕ ನೋಡಿ ಮೂರು ದಿನ ಕ್ಲೋರೊಕ್ವಿನ್ ಬರೆದರು. ಆದರೆ ವೈವಾಕ್ಸ್ ಲಿವರ್‌ನಲ್ಲಿ ಅಡಗಿ ಕೂರುತ್ತದೆ. ಅದನ್ನು ತೆಗೆಯುವ ಪ್ರೈಮಾಕ್ವಿನ್ ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ. ಅಂದ್ರೆ ಜ್ವರ ಮತ್ತೆ ಬರಬಹುದು, ಬಂದಾಗಲೆಲ್ಲ ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ. ಆಫ್ರಿಕಾದ ಕೆಲವು ದೇಶಗಳಲ್ಲಿ ಲಸಿಕೆ ಹಾಕುವಾಗಲೇ ಮಲೇರಿಯಾ ತಡೆಯುವ ಮಾತ್ರೆಯನ್ನೂ ಕೊಡುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ನಮಗಿರೋದು ಕಣ್ಣು, ಕಿಟ್ಟು, ಸೊಳ್ಳೆಪರದೆ.

ಆಮೇಲೆ ನಾನು ಲಸಿಕೆ ತಾರೀಖು ಬರೆಯುವ ತಾಯಿ ಕಾರ್ಡ್ ಹಿಡಿದು ಕೂತಾಗ ಒಂದು ವಿಷಯ ಹೊಳೆಯಿತು. 14 ವಾರದ ಲಸಿಕೆ ಆದ ಮೇಲೆ ಮುಂದಿನದು 9 ತಿಂಗಳಿಗೆ. ನಡುವೆ ಐದೂವರೆ ತಿಂಗಳು ಸೂಜಿಯೇ ಇಲ್ಲ. ಹುಟ್ಟುವಾಗ ಮಗು ತಂದುಕೊಂಡ ಕಬ್ಬಿಣ ಮುಗಿಯೋದು, ಐರನ್ ಸಿರಪ್ ಶುರು ಮಾಡಬೇಕಾದ್ದು ಇದರ ನಡುವೆಯೇ, 6 ತಿಂಗಳ ಹೊತ್ತಿಗೆ. ಆಶಾ ಅಕ್ಕ ಮನೆಗೆ ಹೋಗುತ್ತಾಳೆ, ನಿಜ. ಅಷ್ಟರಲ್ಲಿ ಇವರು ಬೇರೆ ಸೈಟಿಗೆ ಹೋಗಿರುತ್ತಾರಲ್ವಾ?

ಅದಕ್ಕೆ 14 ವಾರದ ದಿನವೇ ಕಾರ್ಡ್ ಮೇಲೆ ಕೆಂಪು ಪೆನ್ನಲ್ಲಿ 6 ತಿಂಗಳ ತಾರೀಖು ಬರೆಯಲು ಶುರು ಮಾಡಿದೆ. ಜೊತೆಗೆ ಮೇಸ್ತ್ರಿಯ ಫೋನ್ ನಂಬರ್ ಇಸಿದುಕೊಳ್ಳುತ್ತೇನೆ. ಗಂಡನ ಸಿಮ್ ಬದಲಾಗುತ್ತೆ, ಮೇಸ್ತ್ರಿಯದು ಆಗಲ್ಲ. “ಲಸಿಕೆ ಇಲ್ಲ ಅಂದ್ರ ಯಾಕ್ ಬರೂಣ್ರಿ?” ಅಂತ ಕೇಳುತ್ತಾರೆ. “ಔಷಧ ಬಾಟಲಿ ಕೊಡ್ತೀನಿ, ತೂಕ ನೋಡ್ತೀನಿ” ಅಂದರೆ ಬರುತ್ತಾರೆ. ಕೂಲಿ ಬಿಟ್ಟು ಬರುವವರನ್ನು ಸಾಲಲ್ಲಿ ಕಾಯಿಸುವುದಿಲ್ಲ.

ಬಂದಾಗ ರಕ್ತ ಕಡಿಮೆ ಇದೆಯಾ ಅಂತ ಮೊದಲು ಮಗುವಿನ ಅಂಗೈ ನೋಡುತ್ತೇನೆ. ಮುಂಚೆ ತಾಯಿಯ ಅಂಗೈ ಪಕ್ಕ ಇಟ್ಟು ಹೋಲಿಸುತ್ತಿದ್ದೆ. ಅವಳದೇ ಬಿಳಿಚಿಕೊಂಡಿರುತ್ತದೆ, ಏನು ಗೊತ್ತಾಗುತ್ತೆ? ಈಗ ನನ್ನ ಅಂಗೈ ಇಡುತ್ತೇನೆ. ಕೆಳರೆಪ್ಪೆ ಎಳೆದು ನೋಡುತ್ತೇನೆ. “ಜ್ವರ ಬಂದಿತ್ತಾ?” ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. “ಹೋದ ವಾರ ರಾತ್ರಿ ಮೈ ಬಿಸಿ ಆಗಿತ್ತಾ?” ಅಂದರೆ ಹೌದು ಅನ್ನುತ್ತಾರೆ. ಹೌದು ಅಂದರೆ ಅಲ್ಲೇ ಕಿಟ್ ತೆಗೆಯುತ್ತೇನೆ.

ಸಿರಪ್ ವಾರಕ್ಕೆ ಎರಡು ಸಲ, 1 ಎಂಎಲ್. ಬುಧವಾರ ಮತ್ತು ಕೂಲಿ ಬಟವಾಡೆಯ ಶನಿವಾರ ಅಂತ ಹೇಳಿಕೊಡುತ್ತೇನೆ. ಬಟವಾಡೆ ಯಾರೂ ಮರೆಯಲ್ಲ. ಜ್ವರ ಇದ್ದಾಗ ಹಾಕಬೇಡ, ಚಾ ಕುಡಿಸಬೇಡ. ಕಕ್ಕ ಕಪ್ಪಗಾಗುತ್ತೆ, ಹೆದರಬೇಡ. ಈ ಕೊನೇ ಮಾತು ಹೇಳದೆ ಬಿಟ್ಟಿದ್ದಕ್ಕೆ ಒಬ್ಬಳು ಬಾಟಲಿಯನ್ನೇ ಎಸೆದಿದ್ದಳು.

ಪರದೆ ಕೊಟ್ಟರೆ ಸಾಲದು ಅಂತಲೂ ಕಲಿತೆ. ಒಂದು ಶೆಡ್ಡಿಗೆ ಹೋದಾಗ ಪರದೆ ಗಂಡ-ಹೆಂಡತಿ ಮಲಗುವ ಕಡೆ ಇತ್ತು, ಕೂಸು ಸೀರೆ ಜೋಲಿಯಲ್ಲಿ ಹೊರಗೆ. ಜೋಲಿಯ ಹಗ್ಗದ ಮೇಲಿಂದ ಪರದೆ ಇಳಿಬಿಟ್ಟು ಕಟ್ಟಿ ತೋರಿಸಿದೆ.

9 ತಿಂಗಳ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಗೆ ಬರುವಾಗ ಬಾಟಲಿ ತರಬೇಕು ಅಂತ ಎಲ್ಲರಿಗೂ ಹೇಳಿರುತ್ತೇನೆ. 50 ಎಂಎಲ್ ಬಾಟಲಿ ಆ ಮೂರು ತಿಂಗಳಲ್ಲಿ ಅರ್ಧ ಆಗಿರಬೇಕು. ಮೊದಲು ಹೇಳಿದ ಆ ತಾಯಿ ತಂದದ್ದು ಪೂರ್ತಿ ಖಾಲಿ ಬಾಟಲಿ. ಡೋಸ್ ಜಾಸ್ತಿ ಹಾಕಿದಳಾ ಅಂತ ಎದೆ ಧಸಕ್ಕೆಂದಿತು.

“ದೊಡ್ಡವಗೂ ಹಾಕೀನ್ರಿ ಅಕ್ಕಾರ, ಅಷ್ಟ ಅಷ್ಟ.”

ದೊಡ್ಡವನಿಗೆ ಮೂರು ವರ್ಷ. ಅವನಿಗೂ ಅದೇ 1 ಎಂಎಲ್. ಈ ಸಲ ಎರಡು ಬಾಟಲಿ ಕೊಟ್ಟು ಕಳಿಸಿದೆ.